ಮೈಕಣ್ಣ ಮಾತಾಡಿದ್ದು

ಆ ಮೈಕಿನ ಕತ್ತಿನಲ್ಲಿ ಒಂದು ಚಿಕ್ಕ ಗುಂಡಿ ಇತ್ತು. ಮೇಲಕ್ಕೆ ತಳ್ಳಿದರೆ ಶುರು, ಕೆಳಕ್ಕೆ ಎಳೆದರೆ ಬಂದ್. ಭಾಷಣಕಾರರ ಹೆಬ್ಬೆರಳಿಗೆ ಸಿಕ್ಕಿ ಸಿಕ್ಕಿ ಅದು ಎಷ್ಟು ಸವೆದಿತ್ತೆಂದರೆ, ಕೆಳಕ್ಕೆ ಎಳೆದರೂ ಕೆಲವೊಮ್ಮೆ ಶುರುವಾಗಿಯೇ ಇರುತ್ತಿತ್ತು, ಅಧಿಕಾರ ಹೋದರೂ ಸರ್ಕಾರಿ ಬಂಗಲೆ ಬಿಡದವರ ಹಾಗೆ. ಬದಲಾಯಿಸಬೇಕು, ಬದಲಾಯಿಸಬೇಕು ಅಂತ ಮೈಕಣ್ಣ ಅಂದುಕೊಳ್ಳುತ್ತಿರುವಾಗಲೇ ಎರಡು ಚುನಾವಣೆ ಕಳೆದುಹೋಗಿದ್ದವು.

ಮೈಕಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಮೈಕು, ಹಾರ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟ ಮೇಲೆ ಊರು ಕೊಟ್ಟದ್ದು. ಈಗ ಅವನ ಹೆಂಡತಿ ಕೂಡ ನಿಜವಾದ ಹೆಸರು ಹೇಳಬೇಕಾದರೆ ಒಂದು ಗಳಿಗೆ ಯೋಚಿಸುತ್ತಿದ್ದಳು. ಇಷ್ಟು ವರ್ಷ ಮೈಕಿನ ಜೊತೆ ಸಂಸಾರ ಮಾಡಿದರೂ ಅವನು ಅದರೊಳಗೆ ಆಡಿದ್ದು ಒಂದೇ ಮಾತು: "ಹಲೋ, ಹಲೋ, ಚೆಕ್." ಉಳಿದದ್ದೆಲ್ಲ ಬೇರೆಯವರ ಮಾತು.

ಆವತ್ತು ಸಂಜೆ ಮಂತ್ರಿಗಳ ಚುನಾವಣಾ ಸಭೆ. ಆರೋಗ್ಯ ಖಾತೆ ನೋಡಿಕೊಳ್ಳುವ ಮಂತ್ರಿಗಳು. ಮೂರು ಸಲ ಗೆದ್ದು ನಾಲ್ಕನೆಯ ಸಲಕ್ಕೆ ನಿಂತಿದ್ದರು. ಹೋದ ವರ್ಷ ಅವರ ಮೇಲೆ ಮಂಚದ ಹಗರಣ ಬಂದಿತ್ತು. ಸರ್ಕಾರಿ ಆಸ್ಪತ್ರೆಗಳಿಗೆಂದು ಕೊಂಡ ಮಂಚಗಳು ಕಾಗದದ ಮೇಲೇ ಬಂದಿಳಿದು, ಕಾಗದದ ಮೇಲೇ ಹಾಸಿಗೆ ಹಾಸಿಸಿಕೊಂಡು, ಕಾಗದದ ಮೇಲೇ ತುಕ್ಕು ಹಿಡಿದಿದ್ದವು. ಅವರ ಎದುರು ನಿಂತವರು ಹಿಂದೆ ಲೋಕೋಪಯೋಗಿ ಮಂತ್ರಿಯಾಗಿದ್ದವರು. ಅವರು ಕಟ್ಟಿಸಿದ ಸೇತುವೆ ಉದ್ಘಾಟನೆಗೆ ಮೊದಲೇ ಹೊಳೆ ಸೇರಿತ್ತು. ಎರಡಕ್ಕೂ ವಿಚಾರಣೆ ನಡೆಯುತ್ತಿತ್ತು. ಬಸವನಹುಳು ಕೂಡ ನೋಡಿ ನಗುವ ಹಾಗೆ ನಡೆಯುತ್ತಿತ್ತು. ಹೀಗಾಗಿ ಊರಿಗೆ ಉಳಿದ ಆಯ್ಕೆ ನೆಲದ ಮೇಲೆ ಮಲಗುವುದೋ, ನೀರಿಗೆ ಬೀಳುವುದೋ ಅನ್ನುವುದಷ್ಟೇ. ಅತ್ತ ದರಿ, ಇತ್ತ ಪುಲಿ. ದರಿಗೂ ಪುಲಿಗೂ ಮೈಕು ಮಾತ್ರ ಮೈಕಣ್ಣನದೇ.

ಬೆಳಿಗ್ಗೆ ಮೈದಾನದಲ್ಲಿ ಅವನ ಭಾವಮೈದ ಏಣಿ ಹತ್ತಿ ಕಂಬಕ್ಕೆ ಹಾರ್ನು ಕಟ್ಟುತ್ತಿದ್ದ. ಮೈಕಣ್ಣ ಕೆಳಗೆ ಮೈಕು ಹಿಡಿದು ನಿಂತಿದ್ದ. ಪೇಟೆ ಬೀದಿಯುದ್ದಕ್ಕೂ ಕಟ್ಟಿದ್ದ ಹಾರ್ನುಗಳಿಗೆ ತಂತಿ ಕೊಟ್ಟಾಗಿತ್ತು. ಮೈದಾನದವಕ್ಕೆ ಇನ್ನೂ ಕೊಟ್ಟಿರಲಿಲ್ಲ. ಅವನು ಒಂದು ಸಲ ಹಲೋ ಚೆಕ್ ಅಂದು ಗುಂಡಿ ಕೆಳಕ್ಕೆ ಎಳೆದ. ಅಷ್ಟರಲ್ಲಿ ಭಾವಮೈದ ಮೇಲಿನಿಂದ, ಮಂತ್ರಿಗಳ ಕಡೆಯವರು ಆಸ್ಪತ್ರೆ ಕಡೆಗೂ ಇನ್ನೆರಡು ಹಾರ್ನು ತಿರುಗಿಸೋಕೆ ಹೇಳಿದ್ದಾರೆ ಅಂದ.

ಆಸ್ಪತ್ರೆ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಮೈಕಣ್ಣನ ಒಳಗೆ ಏನೋ ಕಿತ್ತುಕೊಂಡು ಬಂತು.

"ಆಸ್ಪತ್ರೆಗೆ ಯಾವ ಮುಖ ಇಟ್ಕೊಂಡು ತಿರುಗಿಸ್ತಾನಂತೆ? ನಮ್ಮಮ್ಮ ಕೊನೇ ದಿನ ಅಲ್ಲಿ ವರಾಂಡದ ನೆಲದ ಮೇಲೆ ಬಿದ್ದಿದ್ಳು ಕಣೋ. ಬೆನ್ನು ಕೊರೀತಿದೆ ಮಗಾ ಅಂದ್ಳು. ಹಾಸೋಕೆ ಏನೂ ಇರಲಿಲ್ಲ, ಮೈಮೇಲಿದ್ದ ಅಂಗಿ ಬಿಚ್ಚಿ ಹಾಸಿದೆ. ಆಮೇಲೆ ಪೇಪರಲ್ಲಿ ಓದ್ತೀನಿ, ಆ ವರಾಂಡದ ತುಂಬ ಹೊಸ ಮಂಚ ಇದ್ದವಂತೆ. ಯಾರು ಮಲಗಿದ್ರು ಅದರ ಮೇಲೆ? ಇವರ ದುಡ್ಡು ಮಲಗಿತ್ತು. ನಮ್ಮಮ್ಮ ನೆಲದ ಮೇಲೆ, ಇವರ ದುಡ್ಡು ಮಂಚದ ಮೇಲೆ. ಇವನು ಬೇಡ ಅಂತ ಆ ಕಡೆಯವನಿಗೆ ಹಾಕಿದರೆ ಅವನು ಸೇತುವೆ ನುಂಗಿ ನೀರು ಕುಡಿದವನು. ಯಾರಿಗೆ ಹಾಕಲಿ ನಾನು ಓಟು?"

ಏಣಿಯ ಮೇಲಿದ್ದವನ ಸುತ್ತಿಗೆ ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು. ದೂರದ ಪೇಟೆಯಿಂದ ಯಾರೋ ತನ್ನದೇ ಧ್ವನಿಯಲ್ಲಿ "ನಾನು ಓಟು, ನಾನು ಓಟು" ಅಂದ ಹಾಗೆ ಮೈಕಣ್ಣನಿಗೆ ಕೇಳಿಸಿತು. ಅವನು ಮೈಕಿನ ಗುಂಡಿ ನೋಡಿದ. ಹಾವು ಹಿಡಿದವನ ಹಾಗೆ ಅದನ್ನು ಕೆಳಗೆ ಬಿಟ್ಟ. ಅದು ಬಿದ್ದ ಸದ್ದೂ ಪೇಟೆಗೆಲ್ಲ ಕೇಳಿಸಿತು.

ಪಕ್ಕದಂಗಡಿಯ ದರ್ಜಿ, ಕತ್ತಿಗೆ ಅಳತೆ ಟೇಪು ನೇತುಹಾಕಿಕೊಂಡೇ ಏದುಸಿರು ಬಿಡುತ್ತ ಓಡಿ ಬಂದ. ಪೇಟೆಯೆಲ್ಲ ಸ್ತಬ್ಧವಾಗಿತ್ತಂತೆ, ತರಕಾರಿ ತೂಗುತ್ತಿದ್ದವನ ತಕ್ಕಡಿ ಹಾಗೇ ನಿಂತಿತ್ತಂತೆ, ಒಂದಿಬ್ಬರು ಹೆಂಗಸರು ಕಣ್ಣೊರೆಸಿಕೊಂಡರಂತೆ, ಕೊನೆಗೆ ಎಲ್ಲರೂ ಚಪ್ಪಾಳೆ ಹೊಡೆದರಂತೆ. ತಾನೂ ಹೊಡೆದೆ ಅಂತ ದರ್ಜಿ ಎದೆ ಉಬ್ಬಿಸಿ ಹೇಳಿದ. ಆಮೇಲೆ ತಗ್ಗಿದ ದನಿಯಲ್ಲಿ, ಅಂಗಡಿ ಬಾಗಿಲು ಹಾಕಿಕೊಂಡು ಹೊಡೆದೆ ಅಂತ ಸೇರಿಸಿದ.

ಮೈಕಣ್ಣ ಮನೆ ಸೇರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಹೋಗಿ ಚಾಪೆ ಹಾಸಿಕೊಂಡು ಕೂತಿತ್ತು. ಮಹಡಿಯಲ್ಲಿದ್ದ ಮನೆ ಯಜಮಾನಮ್ಮ ಇಳಿದು ಬಂದು ಮೊದಲು ಕಣ್ಣೀರು ಹಾಕಿದಳು, ಆಮೇಲೆ ಮನೆ ಖಾಲಿ ಮಾಡಿ ಅಂದಳು. ಮಾತು ನಿನ್ನದು ನೂರಕ್ಕೆ ನೂರು ಸರಿ, ಆದರೆ ಅವರ ಕಡೆಯವರು ಕಲ್ಲು ಹೊಡೆದರೆ ಒಡೆಯುವ ಗಾಜು ನನ್ನದು ಅನ್ನುವುದು ಅವಳ ವಾದ. ಭಾವಮೈದ ಗೋಡೆಗೆ ಒರಗಿ ಕೂತುಬಿಟ್ಟಿದ್ದ. ಮಂತ್ರಿಗಳ ಮನೆ ಬಾಗಿಲು ಸವೆಸಿ ಆಸ್ಪತ್ರೆಯಲ್ಲಿ ಒಂದು ಕೆಲಸದ ಮಾತು ಪಡೆದಿದ್ದನಂತೆ. ಈಗ ಅದಕ್ಕೆ ಭಾವನೇ ಕಲ್ಲು ಹಾಕಿದನಂತೆ. ಊರಿಗೆಲ್ಲ ಕೇಳುವ ಹಾಗೆ ಹೇಳಬೇಕಿತ್ತಾ ಅಂತ ಅವನು ಕೇಳಿದ ಪ್ರಶ್ನೆಯನ್ನೇ ತಿರುಗಿಸಿ ತಿರುಗಿಸಿ ಕೇಳುತ್ತಿದ್ದ, ಗೀರು ಬಿದ್ದ ಹಳೆಯ ರೆಕಾರ್ಡಿನ ಹಾಗೆ.

ಹೆಂಡತಿ ಮಾತ್ರ ಬೈಯಲಿಲ್ಲ. ನೀರು ತಂದು ಕೊಟ್ಟಳು. ಅವನು ಕುಡಿದ ಮೇಲೆ ಲೋಟ ಇಸಿದುಕೊಂಡು, "ಅಂಗಿ ಹಾಸಿದ್ದು ನನಗೂ ಹೇಳಿರಲಿಲ್ಲ ನೀವು," ಅಂದಳು.

ಮಧ್ಯಾಹ್ನದ ಹೊತ್ತಿಗೆ ಎದುರು ಪಕ್ಷದ ಮುಖಂಡನೊಬ್ಬ ಮನೆ ಹುಡುಕಿಕೊಂಡು ಬಂದ. ಅವನ ನಗು ಯಾವಾಗಲೂ ಅವನಿಗಿಂತ ಎರಡು ಹೆಜ್ಜೆ ಮುಂದೆ ಬರುತ್ತಿತ್ತು. ಎರಡೂ ಕೈಯಲ್ಲಿ ಮೈಕಣ್ಣನ ಕೈ ಹಿಡಿದು ಕುಲುಕಿ, ಫೋಟೋ ತೆಗೆಸಿಕೊಂಡು, ನಿಮ್ಮಂಥ ಧೈರ್ಯವಂತರಿಂದಲೇ ದೇಶ ಉಳಿದಿದೆ ಅಂದ. ನಾನು ನಿಮ್ಮ ಸೇತುವೆ ವಿಷಯವೂ ಹೇಳಿದ್ದೆನಲ್ಲ ಅಂತ ಮೈಕಣ್ಣ ಹಿಂಜರಿಯುತ್ತ ನೆನಪಿಸಿದ. ಆ ಹೊತ್ತಿಗೆ ಗಾಳಿ ಬೀಸಿತು, ಸರಿಯಾಗಿ ಕೇಳಿಸಲಿಲ್ಲ ಅಂತ ಮುಖಂಡ ಹೇಳಿದ.

ಅವನು ಹೋದ ಬೆನ್ನಿಗೇ ಮಂತ್ರಿಗಳ ಕಾರು ಬಂತು. ಸಾಹೇಬರು ಕರೆಯುತ್ತಿದ್ದಾರೆ ಅಂತ ಅವರ ಕಾರ್ಯದರ್ಶಿ ಹಿಂದಿನ ಬಾಗಿಲು ತೆಗೆದ. ಬೀದಿಯವರೆಲ್ಲ ಕಿಟಕಿಗಳಲ್ಲಿ ಸೇರಿದರು. ಬಡವನ ಕೋಪ ದವಡೆಗೆ ಮೂಲ ಅಂತ ದರ್ಜಿ ಒಂದು ನಿಟ್ಟುಸಿರು ಬಿಟ್ಟು, ಹೊಲಿಯಲು ಕೊಟ್ಟಿದ್ದ ಪ್ಯಾಂಟು ಯಾವಾಗ ಒಯ್ಯುತ್ತೀ ಅಂತ ಕೇಳಬೇಕೆಂದಿದ್ದವನು ಕೇಳದೆ ಬಿಟ್ಟ.

ಮಂತ್ರಿಗಳ ಮನೆಯ ಸೋಫಾ ಎಷ್ಟು ಮೆತ್ತಗಿತ್ತೆಂದರೆ ಮೈಕಣ್ಣ ಅದರಲ್ಲಿ ಮುಳುಗಿಹೋಗದಿರಲು ಅಂಚು ಹಿಡಿದು ಕೂರಬೇಕಾಯಿತು. ಎಲ್ಲಿಂದ ಮೊದಲ ಏಟು ಬರುತ್ತದೋ ಅಂತ ಬಾಗಿಲುಗಳನ್ನು ನೋಡುತ್ತಿದ್ದ. ಬಂದದ್ದು ಚಹಾ. ಹಿಂದೆಯೇ ಮಂತ್ರಿಗಳು ಬಂದು ಅವನ ಪಕ್ಕದಲ್ಲೇ, ತೊಡೆಗೆ ತೊಡೆ ತಾಗುವ ಹಾಗೆ ಕೂತರು. ಕ್ಷಮಿಸಬೇಕು, ಗುಂಡಿ ಸವೆದಿತ್ತು ಅಂತ ಮೈಕಣ್ಣ ತೊದಲಿದ.

"ಕ್ಷಮೆ ಕೇಳಬೇಕಾದವನು ನಾನು," ಅಂದರು ಮಂತ್ರಿಗಳು. "ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಇನ್ನೊಂದು ಸಲ ಹೇಳ್ತೀಯಾ? ಏನೂ ಬಿಡಬೇಡ."

ಮೈಕಣ್ಣ ಹೇಳಿದ. ಮೊದಲು "ಇವನು" ಅಂದಿದ್ದನ್ನು "ತಾವು" ಮಾಡಿ, ಆಮೇಲೆ ಅದನ್ನೂ ಮರೆತು ಹೇಳಿದ. ಅಮ್ಮನ ಬೆನ್ನು, ವರಾಂಡದ ನೆಲ, ನರ್ಸು ಅವಳ ಮೇಲೇ ದಾಟಿಕೊಂಡು ಹೋಗುತ್ತಿದ್ದದ್ದು, ಬೆಳಗಾಗುವಾಗ ಅಮ್ಮನ ಕೈ ತಣ್ಣಗಾದದ್ದು. ಕಾರ್ಯದರ್ಶಿ ಮೂಲೆಯಲ್ಲಿ ತಲೆ ಬಗ್ಗಿಸಿ ಏನೋ ಗೀಚಿಕೊಳ್ಳುತ್ತಿದ್ದ. ಪೊಲೀಸರಿಗೆ ಕೊಡಲಿಕ್ಕಿರಬೇಕು ಅಂತ ಮೈಕಣ್ಣ ಅಂದುಕೊಂಡ. ಆದರೂ ಮಾತು ನಿಲ್ಲಲಿಲ್ಲ. ಮಂತ್ರಿಗಳು ಒಂದು ಸಲವೂ ಗಡಿಯಾರ ನೋಡಲಿಲ್ಲ. ಎಲ್ಲ ಮುಗಿದ ಮೇಲೆ ಮೆಲ್ಲಗೆ ಕೇಳಿದರು:

"ಅಂಗಿ ಯಾವ ಬಣ್ಣದ್ದು?"

"ನೀಲಿ, ಬುದ್ಧಿ."

"ನೀಲಿ," ಅಂತ ಅವರು ತಲೆಯಾಡಿಸಿದರು. ಮೈಕಣ್ಣನನ್ನು ಇಷ್ಟು ದಿನದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಹೊರಡುವಾಗ ಮಂತ್ರಿಗಳು ಅವನ ಭುಜದ ಮೇಲೆ ಕೈಯಿಟ್ಟು, ನಿನ್ನ ತಾಯಿಯ ವಿಷಯಕ್ಕೆ ಸಂಜೆ ಎಲ್ಲರೆದುರು ಉತ್ತರ ಕೊಡುತ್ತೇನೆ, ಮೈಕು ಚೆನ್ನಾಗಿರಲಿ ಅಂದರು.

ಹೋಗುವಾಗ ಹಿಂದಿನ ಸೀಟಿನಲ್ಲಿ ಹೋದವನು ಬರುವಾಗ ಮುಂದಿನ ಸೀಟಿನಲ್ಲಿ ಬಂದ. ಅದನ್ನು ನೋಡಿ ಮನೆ ಯಜಮಾನಮ್ಮ ಖಾಲಿ ಮಾಡುವ ಮಾತನ್ನು ನುಂಗಿಕೊಂಡಳು. ಭಾವಮೈದ ಎದ್ದು ನಿಂತ. ಮೈಕಣ್ಣ ಹೆಂಡತಿಯನ್ನು ಅಡುಗೆಮನೆಗೆ ಕರೆದು, ಪೂರ್ತಿ ಕೇಳಿದ ಕಣೇ, ಮನುಷ್ಯ ನಾವು ಅಂದುಕೊಂಡಷ್ಟು ಕೆಟ್ಟವನಲ್ಲ ಅಂದ. ಸಂಜೆ ಜನರೆದುರು ತಪ್ಪು ಒಪ್ಪಿಕೊಂಡರೆ ಓಟು ಅವರಿಗೇ ಹಾಕಿಬಿಡೋಣವೇ ಅಂತಲೂ ಕೇಳಿದ. ಮೊದಲು ಒಪ್ಪಿಕೊಳ್ಳಲಿ ಅಂದಳು ಅವಳು.

ಸಂಜೆ ಮೈದಾನ ತುಂಬಿತು. ಬೆಳಗಿನ ಮಾತಿಗೆ ಮಂತ್ರಿ ಏನನ್ನುತ್ತಾನೆ ಅಂತ ಕೇಳಲಿಕ್ಕೇ ಅರ್ಧ ಜನ ಬಂದಿದ್ದರು. ಮೈಕಣ್ಣ ಬೇರೆ ಮೈಕು ತಂದಿದ್ದ. ಪ್ರತಿ ತಂತಿಯನ್ನೂ ಒಂದೊಂದು ಸಲ ಎಳೆದು ನೋಡಿದ್ದ. ಅಮ್ಮನ ಹೆಸರಿನ ಕೆಲಸ, ಒಂದು ಅಕ್ಷರವೂ ಕಿರಗುಟ್ಟಬಾರದು ಅನ್ನುವುದು ಅವನ ಆಸೆ.

ಮಂತ್ರಿಗಳು ಮೈಕಿನ ಮುಂದೆ ಬಂದು ಎರಡೂ ಕೈ ಮುಗಿದರು. ಆಮೇಲೆ ಹೇಳಿದರು:

"ನನ್ನ ತಾಯಿ ಅದೇ ಆಸ್ಪತ್ರೆಯ ನೆಲದ ಮೇಲೆ ಮಲಗಿದ್ದಳು."

ಮೈಕಣ್ಣ, ನಾಲಿಗೆ ತಪ್ಪಿತೇನೋ ಅಂದುಕೊಂಡ.

"ಮಂತ್ರಿಯ ತಾಯಿ ಅಂತ ಯಾರಿಗೂ ಹೇಳಬೇಡ ಮಗಾ, ಎಲ್ಲರಿಗೂ ಇರೋ ನೆಲ ನನಗೂ ಸಾಕು ಅಂದಳು. ಬೆನ್ನು ಕೊರೀತಿದೆ ಅಂದಳು. ನಾನು ಈ ಬಿಳಿ ಅಂಗಿ ಬಿಚ್ಚಿ ಹಾಸಿದೆ. ನನ್ನ ಖಾತೆಯ ಕಳ್ಳರು ನನಗೇ ಮೋಸ ಮಾಡಿದ್ದಾರೆ ಅಂತ ಆವತ್ತು ಗೊತ್ತಾಯಿತು. ನನ್ನ ತಾಯಿ ನೆಲದ ಮೇಲೆ, ಅವರ ದುಡ್ಡು ಮಂಚದ ಮೇಲೆ."

ಮೈದಾನ ಒಂದೇ ಮೈಯಾಗಿ ನಿಟ್ಟುಸಿರು ಬಿಟ್ಟಿತು. ವೇದಿಕೆಯ ಮೇಲೆ ಮಂತ್ರಿಗಳ ತಾಯಿ ಕೂತಿದ್ದರು. ಅವರಿಗೆ ಕಿವಿ ಮಂದ. ಎಲ್ಲರೂ ತನ್ನ ಕಡೆ ನೋಡುತ್ತಿರುವುದು ಕಂಡು ಬಾಯ್ತುಂಬ ನಕ್ಕು ಕೈ ಬೀಸಿದರು. ಎಂಥ ಸಂಕಟವನ್ನು ಎಷ್ಟು ಸಹಜವಾಗಿ ನುಂಗಿಕೊಂಡಿದ್ದಾರೆ ನೋಡಿ ಅಂತ ಮುಂದಿನ ಸಾಲಿನವರು ಅಳತೊಡಗಿದರು.

ಮೈಕಣ್ಣ ಯಂತ್ರದ ಹತ್ತಿರ ಹೋಗಿ ತಿರುಪು ತಿರುಗಿಸಿ ಧ್ವನಿ ಆರಿಸಿಬಿಟ್ಟ. ಇಷ್ಟು ವರ್ಷದಲ್ಲಿ ಅವನು ಬೇಕೆಂದೇ ಒಂದು ಭಾಷಣ ನಿಲ್ಲಿಸಿದ್ದು ಅದೇ ಮೊದಲು. ಇಡೀ ಮೈದಾನ ಅವನ ಕಡೆ ತಿರುಗಿತು. ಬೆಳಿಗ್ಗೆ ಬಾಗಿಲು ಹಾಕಿಕೊಂಡು ಚಪ್ಪಾಳೆ ಹೊಡೆದಿದ್ದ ದರ್ಜಿ ಈಗ ಎಲ್ಲರೆದುರೇ ಅವನ ಕೊರಳಪಟ್ಟಿ ಹಿಡಿದು, ಹೆತ್ತ ತಾಯಿ ವಿಷಯ ಹೇಳುತ್ತಿರುವಾಗ ಮೈಕು ಆರಿಸುತ್ತೀಯಲ್ಲ, ಮನುಷ್ಯನಾ ನೀನು ಅಂತ ಕೇಳಿದ. ಭಾವಮೈದ ನಡುವೆ ನುಗ್ಗಿ ಭಾವನನ್ನು ಪಕ್ಕಕ್ಕೆ ತಳ್ಳಿ, ಧ್ವನಿಯನ್ನು ಮೊದಲಿಗಿಂತ ಒಂದು ಗೀಟು ಜಾಸ್ತಿಯೇ ಏರಿಸಿದ.

"ಅವನನ್ನು ಬೈಬೇಡಿ," ಅಂತ ಹಾರ್ನುಗಳಿಂದ ಮಂತ್ರಿಗಳ ಧ್ವನಿ ಬಂತು. "ಪಾಪ, ಅವನು ತಾಯಿ ಕಳಕೊಂಡವನು. ದುಃಖ ತಡೆಯೋಕೆ ಆಗಿಲ್ಲ."

ಎಂಥ ದೊಡ್ಡ ಮನಸ್ಸು ಅಂತ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಸಭೆ ಮುಗಿದ ಮೇಲೆ ಮನೆ ಯಜಮಾನಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಮೈಕಣ್ಣನ ಹತ್ತಿರ ಬಂದು ಸಮಾಧಾನ ಹೇಳಿದಳು. "ನಿಮ್ಮಮ್ಮನ ವಿಷಯ ಬಿಡಪ್ಪ, ನಾವು ಬಡವರು. ಅಂಥವರ ತಾಯಿಗೇ ನೆಲ ಗತಿಯಾಯ್ತಲ್ಲ. ಈ ಸಲ ನಮ್ಮ ಬೀದಿಯ ಓಟೆಲ್ಲ ಅವರಿಗೇ." ಅವಳು ಹೋದ ಮೇಲೆ ಮೈಕಣ್ಣನ ಹೆಂಡತಿ ಅವನ ಪಕ್ಕ ಕೂತು ತಂತಿ ಸುತ್ತತೊಡಗಿದಳು. ಇನ್ನು ಅತ್ತೆಯ ಸಾವಿನ ಮಾತನ್ನು ನಾವು ಯಾರ ಹತ್ತಿರ ಹೇಳಿದರೂ ಮಂತ್ರಿಗಳಿಂದ ಕದ್ದದ್ದು ಅನ್ನುತ್ತಾರೆ ಅಂತಷ್ಟೇ ಹೇಳಿದಳು. ಅವನು ಇಂಗು ತಿಂದ ಮಂಗನ ಹಾಗೆ ಖಾಲಿ ವೇದಿಕೆ ನೋಡುತ್ತ ಕೂತಿದ್ದ.

ಆಗ ಕುರ್ಚಿಗಳ ಸಾಲು ದಾಟಿಕೊಂಡು ಎದುರು ಪಕ್ಷದ ಆ ಮುಖಂಡ ಬಂದ. ಈ ಸಲ ನಗು ಜೊತೆಯಲ್ಲಿರಲಿಲ್ಲ. ಹಾರ್ನಿನ ಪೆಟ್ಟಿಗೆಯ ಮೇಲೆ ಕೂತು, ಒಂದು ಭಾಷಣದಲ್ಲಿ ನಮ್ಮ ಆಟ ಮುಗಿಸಿಬಿಟ್ಟ ಅಂದ. ಆಮೇಲೆ ಅತ್ತಿತ್ತ ನೋಡಿ ಮೈಕಣ್ಣನ ಕಡೆಗೆ ಬಾಗಿದ.

"ಆ ಮಾತು ನಿಮ್ಮದು, ಆ ತಾಯಿ ನಿಮ್ಮ ತಾಯಿ. ಯಾರು ಮರೆತರೂ ನಾನು ಮರೆಯಲ್ಲ."

ಮೈಕಣ್ಣನ ಕಣ್ಣು ತುಂಬಿ ಬಂತು. ಇಡೀ ಊರಿನಲ್ಲಿ ಒಬ್ಬನಾದರೂ ಉಳಿದನಲ್ಲ ಅನ್ನಿಸಿತು. ಅವನು ಮುಖಂಡನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಮುಖಂಡನೂ ಬಿಡಿಸಿಕೊಳ್ಳಲಿಲ್ಲ.

"ನಾಳೆ ನಮ್ಮ ಸಭೆ," ಅಂದ. "ಮೈಕು ನಿಮ್ಮದೇ. ಒಂದೇ ತೊಡಕು. ನಮ್ಮ ನಾಯಕರು ಹುಟ್ಟಿದ ವರ್ಷವೇ ಅವರ ತಾಯಿ ತೀರಿಕೊಂಡರು, ಅದು ಊರಿಗೆಲ್ಲ ಗೊತ್ತು, ತಾಯಿ ನಡೆಯಲ್ಲ." ಅವನು ಇನ್ನಷ್ಟು ಹತ್ತಿರ ಸರಿದ. "ನಿಮ್ಮ ತಂದೆಯವರು ಹೇಗೆ ಹೋದರು?"