ಸಣ್ಣೀರಪ್ಪನವರನ್ನು ಹುಡುಕಿದ ಕುಕ್ಕರ್

"ಬರೆದಿಟ್ಕೋ ತ್ರ್ಯಂಬಕ, ಇನ್ನು ಈ ಭೂಮಿ ಮೇಲೆ ಯಾರೂ ಯಾರ ಕೈಗೂ ಸಿಗದೆ ಓಡಾಡೋಕೆ ಆಗಲ್ಲ!"

ಭಾವ ವೀರಭದ್ರಯ್ಯನವರು ಹಿತ್ತಿಲಲ್ಲಿ ನಿಂತು ಹೀಗೆ ಘೋಷಿಸಿದಾಗ ಅವರ ಮುಂದೆ ಇದ್ದದ್ದು ನಮ್ಮ ಅಕ್ಕನ ಕುಕ್ಕರ್. ಕೆಳಗೆ ಮೂರು ಗಾಲಿ, ಮೇಲೆ ಧ್ವನಿವರ್ಧಕ, ಮುಂದಕ್ಕೆ ಆನೆಯ ಸೊಂಡಿಲಿನ ಹಾಗೆ ಒಂದು ಕೊಳವೆ, ಅದರ ತುದಿಯಲ್ಲಿ ರಬ್ಬರ್ ಬಟ್ಟಲು! ಪಾಲಿಟೆಕ್ನಿಕ್ಕಿನಿಂದ ನಿವೃತ್ತರಾದ ಮೇಲೆ ಭಾವ ಇಂಥ ಎಷ್ಟೋ ಯಂತ್ರಗಳನ್ನು ಕಟ್ಟಿದ್ದಾರೆ. ಅವುಗಳಲ್ಲಿ ಒಂದೂ ಹೇಳಿದ ಕೆಲಸ ಮಾಡಿಲ್ಲ, ಹೇಳದ ಕೆಲಸ ಬಿಟ್ಟಿಲ್ಲ. ಆದರೆ ಆ ದಿನ ನನಗೆ ಬೇರೆ ಗತಿ ಇರಲಿಲ್ಲ.

ನಾನು ತುಮಕೂರಿನ ಪೇಟೆಯಲ್ಲಿ ಮುತ್ತಿನತೆನೆ ಪತ್ತಿನ ಸಂಘದ ಮ್ಯಾನೇಜರ್. ಸೊಪ್ಪು ಮಾರುವ ಸಣ್ಣೀರಪ್ಪನವರು ಹತ್ತು ವರ್ಷದ ಹಿಂದೆ ನನ್ನ ಮೇಜಿನ ಮುಂದೆಯೇ ಠೇವಣಿ ಇಟ್ಟು ಹೋದವರು ಮತ್ತೆ ಪತ್ತೆಯಿಲ್ಲ, ಮುಖವೂ ನನಗೆ ಮರೆತುಹೋಗಿತ್ತು. ಕಳಿಸಿದ ಪತ್ರವೆಲ್ಲ ವಾಪಸ್. ಫೋನ್ ಮಾಡಿದರೆ ಯಾರೋ ಎತ್ತಿ, ಸಂಘದ ಹೆಸರು ಕೇಳಿದೊಡನೆ "ಅವ್ರು ಸತ್ತೋದ್ರು" ಎಂದು ಇಟ್ಟುಬಿಡುತ್ತಾರೆ! ಅಂದು ಸಂಜೆ ಐದರೊಳಗೆ ಅವರು ಬಂದು ಹೆಬ್ಬೆಟ್ಟು ಒತ್ತದಿದ್ದರೆ ಸಂಘದ ನಿಯಮದಂತೆ ಆ ಹಣ ಕಟ್ಟಡ ನಿಧಿಗೆ ಸೇರುತ್ತಿತ್ತು. ಕಟ್ಟಡ ನಿಧಿಯಿಂದ ತಮ್ಮ ಕೋಣೆಗೆ ಏಸಿ ಹಾಕಿಸಲು ಅಧ್ಯಕ್ಷ ಪುಟ್ಟಮಾದಯ್ಯನವರು ಆಗಲೇ ಗೋಡೆ ಒಡೆಸಿ ಕಾಯುತ್ತಿದ್ದರು. ಕತ್ತಲಲ್ಲೇ ಎದ್ದು ಸೊಪ್ಪು ಹೊತ್ತವರ ದುಡ್ಡು ಇವರ ಬೆವರು ಒಣಗಿಸುವುದೇ? ನನಗಂತೂ ಹೊಟ್ಟೆ ಉರಿದುಹೋಗಿತ್ತು!

"ತತ್ವ ಬಹಳ ಸರಳ," ಎಂದರು ಭಾವ. "ಸಂಘದ ಹೆಸರು ಹೇಳಿ ಕೂಗಿದ್ರೆ ಗ್ರಾಹಕನ ಎದೆ ಡವಡವ ಅನ್ನುತ್ತೆ. ಇದು ಆ ಬಡಿತ ಹಿಡ್ಕೊಂಡು ನೇರ ಅವನ ಹತ್ರ ಹೋಗಿ ಬಟ್ಟಲು ಅಂಟಿಸುತ್ತೆ. ಹೆಬ್ಬೆಟ್ಟು ಒತ್ತೋ ತನಕ ಬಿಡಲ್ಲ. ಇನ್ನೂ ಜೋರಾಗಿ ಬಡಿಯೋ ಎದೆ ಸಿಕ್ಕಿದ್ರೆ ಮಾತ್ರ ಅತ್ಲಾಗೆ ಹೋಗುತ್ತೆ!"

ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕ ಗುಡುಗಿದಳು. "ರೀ! ನನ್ನ ಕುಕ್ಕರ್ ಎಲ್ರೀ?"

ಯಂತ್ರ ಗಿರ್ರನೆ ತಿರುಗಿ ಭಾವನ ಬೆನ್ನಿಗೆ ಪಟ್ಟೆಂದು ಅಂಟಿಕೊಂಡಿತು.

"ನೋಡಿದ್ಯೇನೋ? ಕೆಲಸ ಮಾಡ್ತು!" ಎಂದು ಭಾವ ಅಂಟಿಸಿಕೊಂಡೇ ಕುಣಿದಾಡಿದರು.

ಮಧ್ಯಾಹ್ನದ ಹೊತ್ತಿಗೆ ನಾವು ಪೇಟೆಬೀದಿಯಲ್ಲಿದ್ದೆವು. ಭಾವ ಗುಂಡಿ ಒತ್ತಿದರು. "ಸಣ್ಣೀರಪ್ಪನವರೇ! ಮುತ್ತಿನತೆನೆ ಸಂಘದವರು ನಿಮ್ಮನ್ನು ಹುಡುಕಿಕೊಂಡು ಬಂದಿದ್ದಾರೆ!" ಎಂದು ಕುಕ್ಕರ್ ಬೀದಿ ತುಂಬ ಕೂಗಿತು.

ಅಯ್ಯೋ, ಆಮೇಲೆ ನಡೆದದ್ದನ್ನು ಏನೆಂದು ಹೇಳಲಿ! ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಓಡಿದ. ಅವನ ಹಿಂದೆ ಅರ್ಧ ಗಡ್ಡದ ಗಿರಾಕಿ ಓಡಿದ. ಹೂವಿನವಳು ಬುಟ್ಟಿಯನ್ನು ತಲೆಗೆ ಕವುಚಿಕೊಂಡು ಕುಳಿತಳು. ಬೋಂಡದವನು ಎಣ್ಣೆ ಕಾಯುತ್ತಿರುವಾಗಲೇ ಗಾಡಿ ತಳ್ಳಿಕೊಂಡು ಪರಾರಿ!

ನನಗೆ ಆಗ ಹೊಳೆಯಿತು. ನಮ್ಮ ಪೇಟೆಯಲ್ಲಿ ಒಬ್ಬರ ಸಾಲಕ್ಕೆ ಇನ್ನೊಬ್ಬರು ಜಾಮೀನು ಹಾಕದವರು ಯಾರಿದ್ದಾರೆ? ಟೀ ಕುಡಿಯಲು ಬಂದವರೂ "ಒಂದ್ ಸೈನ್ ಹಾಕ್ಬುಡಣ್ಣ" ಎಂದರೆ ಹಾಕಿ ಹೋಗುತ್ತಾರೆ. ಸಂಘದವರು ಯಾರ ಹೆಸರು ಕೂಗಿದರೂ ಎಲ್ಲರ ಎದೆಯೂ ಬಡಿಯುತ್ತದೆ!

"ಭಾವ, ನಿಲ್ಸಿ ಇದನ್ನ!"

"ಇಷ್ಟೊಂದು ಎದೆ! ಎಂಥಾ ಯಶಸ್ಸು ಕಣೋ!"

ಕುಕ್ಕರ್ ಕ್ಷೌರದವನ ಬೆನ್ನು ಬಿಟ್ಟು ಬೋಂಡದವನ ಹೊಟ್ಟೆಗೆ, ಅಲ್ಲಿಂದ ಬಟ್ಟೆ ಅಂಗಡಿಯ ಸಾಹುಕಾರರ ಕೆನ್ನೆಗೆ ಹಾರಿತು. ಪಟ್! ಪಟ್! ಕೊನೆಗೆ ಟ್ರಾಫಿಕ್ ಪೊಲೀಸಪ್ಪನೂ ಪೀಪಿ ಊದುತ್ತಲೇ ಓಡಿದ. ಅವನದು ಯಾರ ಜಾಮೀನೋ!

ಬೀದಿ ಖಾಲಿಯಾಯಿತು. ಉಳಿದದ್ದು ಅರಳಿಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಒಬ್ಬ ಮುದುಕಪ್ಪ. ಸಾಹುಕಾರರ ಕೆನ್ನೆಗೆ ಅಂಟಿದ್ದ ಕುಕ್ಕರ್ ಅವರ ಮುಂದೆಯೇ ಹಾದುಹೋದರೂ ಅವರ ಕಡೆ ತಿರುಗಲಿಲ್ಲ.

"ಯಜಮಾನ್ರೇ, ಸೊಪ್ಪಿನ ಸಣ್ಣೀರಪ್ಪ ಗೊತ್ತಾ?" ಎಂದೆ.

"ಗೊತ್ತಿಲ್ದೆ ಏನ್ ಸಾರ್? ಬಂಗಾರದಂಥ ಮನ್ಸ! ಸತ್ತು ಮೂರ್ ವರ್ಸ ಆಯ್ತಲ್ಲ," ಎಂದು ಅವರು ಕಣ್ಣೊರೆಸಿಕೊಂಡರು.

ಆ ದನಿ ಎಲ್ಲೋ ಕೇಳಿದ್ದೆನಲ್ಲ! ಹೌದು, ಫೋನಿನಲ್ಲಿ "ಸತ್ತೋದ್ರು" ಎನ್ನುತ್ತಿದ್ದ ದನಿ!

"ನೀವೇ ಅಲ್ವೇನ್ರೀ ಸಣ್ಣೀರಪ್ಪ?"

ಅವರು ಅಡಿಕೆ ಅಗಿಯುತ್ತ ಸಾವಧಾನವಾಗಿ ಹೇಳಿದರು. "ನಮ್ ಷಡ್ಡಕನ ಎಮ್ಮೆ ಸಾಲಕ್ಕೆ ಜಾಮೀನು ಹಾಕಿದ್ದೆ ಸಾರ್. ನೀವು ಕಾಗ್ದ ಕಳ್ಸಿದಾಗೆಲ್ಲ ಮನೆ ಬದ್ಲಾಯಿಸ್ತಾ ಬಂದೆ. ಈಗ ರೂಢಿ ಆಗೋಗದೆ, ಎದೆನೂ ಬಡ್ಕೊಳಲ್ಲ."

"ಆ ಸಾಲ ಎಂದೋ ತೀರಿಹೋಯ್ತು! ನಿಮ್ಮ ಸ್ವಂತ ಠೇವಣಿ ಬಡ್ಡಿ ಸೇರಿ ದುಪ್ಪಟ್ಟಾಗಿದೆ. ಬಂದು ತಗೊಳಿ ಅಂತ ಕರೀತಿದ್ದೀವಿ!"

"ದುಡ್ಡು ಕೊಡಾಕೆ ಯಾರಾನಾ ಹಿಂಗ್ ಅಟ್ಟಿಸ್ಕಂಡ್ ಬತ್ತಾರಾ ಸಾರ್?"

"ನನ್ನ ಅಕ್ಕನಾಣೆಗೂ ನಿಮ್ಮದೇ ದುಡ್ಡು!"

ಸಣ್ಣೀರಪ್ಪ ಅಗಿಯುವುದನ್ನು ನಿಲ್ಲಿಸಿದರು. ಬೀದಿಯ ಆ ಕೊನೆಯಲ್ಲಿದ್ದ ಕುಕ್ಕರ್ ಸಾಹುಕಾರರ ಕೆನ್ನೆಯಿಂದ ಕಿತ್ತುಕೊಂಡು, ಸೀಟಿ ಹೊಡೆಯುತ್ತ ಹಾರಿ ಬಂದು ಅವರ ಎದೆಗೆ ಅಂಟಿಕೊಂಡಿತು!

ಅವರನ್ನು ಅವಸರದಲ್ಲಿ ಸಂಘಕ್ಕೆ ಕರೆತಂದಾಗ ಐದಕ್ಕೆ ಇನ್ನೇನು ಕೆಲವೇ ನಿಮಿಷ. ಅಧ್ಯಕ್ಷರು ಒಡೆದ ಗೋಡೆಯ ಮುಂದೆ ಎದ್ದು ನಿಂತರು.

"ಆಗಲ್ಲ! ಇವರು ಸತ್ತಿದ್ದಾರೆ ಅಂತ ದಾಖಲಾಗಿದೆ. ಬದುಕಿದ್ದಾರೆ ಅನ್ನೋಕೆ ಸಾಕ್ಷಿ ತನ್ನಿ."

ಓಡಿಹೋಗಿದ್ದ ಇಡೀ ಪೇಟೆ ಈಗ ಕುತೂಹಲಕ್ಕೆ ಬಾಗಿಲಲ್ಲಿ ನೆರೆದಿತ್ತು. "ಹೇಳ್ರಪ್ಪಾ, ಸಣ್ಣೀರಪ್ಪ ಬದುಕಿದ್ದಾರೋ ಇಲ್ವೋ?" ಎಂದು ನಾನು ಕೂಗಿದೆ.

"ಸತ್ತು ಮೂರ್ ವರ್ಸ ಆಯ್ತು ಸಾರ್!" ಎಂದು ಎಲ್ಲರೂ ಒಂದೇ ಉಸಿರಿಗೆ ಅಂದರು. ಎಂಥ ನಿಯತ್ತಿನ ಜನ! ನನಗೆ ಅಳು ಬಂತು.

"ಅಣ್ಣಂದಿರಾ, ಈಗ ಬದ್ಕಿವ್ನಿ ಅನ್ರೋ!" ಎಂದು ಸಣ್ಣೀರಪ್ಪ ಗೋಗರೆದರು. ಜನ ಒಬ್ಬರನ್ನೊಬ್ಬರು ತಿವಿದು, "ಸತ್ತೇ ಹೋಗವ್ರೆ ಸಾರ್!" ಅಂದರು.

ಆಗ ಭಾವ ಧ್ವನಿವರ್ಧಕದ ತಿರುಪು ತಿರುಗಿಸಿದರು. ಡಬ್! ಡಬ್! ಡಬ್! ಸಣ್ಣೀರಪ್ಪನವರ ಎದೆಬಡಿತಕ್ಕೆ ಸಂಘದ ಕಿಟಕಿಗಳು ಅದುರಿದವು, ಕಪಾಟಿನ ಬಾಗಿಲು ತೆರೆದುಕೊಂಡಿತು, ಹೊರಗೆ ಬಸ್ಸು ನಿಂತಿತು!

"ಸತ್ತವರ ಎದೆ ಹೀಗೆ ಬಡ್ಕೊಳುತ್ತಾ ಸಾರ್?" ಎಂದು ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ.

ಅಧ್ಯಕ್ಷರು ಕಿವಿ ಮುಚ್ಚಿಕೊಂಡು ತಲೆಯಾಡಿಸಿದರು. ಸಣ್ಣೀರಪ್ಪ ಹೆಬ್ಬೆಟ್ಟು ಒತ್ತಿದರು. ಗೋಡೆಯ ಗಡಿಯಾರ ಐದು ಹೊಡೆಯಿತು! ನಾನು ಮೇಜಿನ ಮೇಲೆ ಹತ್ತಿ ಕುಣಿಯುವುದೊಂದೇ ಬಾಕಿ.

ಹೆಬ್ಬೆಟ್ಟು ಬಿದ್ದೊಡನೆ ಬಟ್ಟಲು ಸಡಿಲವಾಯಿತು. ಕೋಣೆಯಲ್ಲಿ ಈಗ ಎಲ್ಲಕ್ಕಿಂತ ಜೋರಾಗಿ ಬಡಿಯುತ್ತಿದ್ದ ಎದೆ, ಏಸಿ ಕಳೆದುಕೊಂಡವರದು. ಕುಕ್ಕರ್ ಹಾರಿ ಅಧ್ಯಕ್ಷರ ಬೋಳುತಲೆಗೆ ಅಂಟಿಕೊಂಡಿತು. ಭಾವ ಎಳೆದರು, ನಾನು ಎಳೆದೆ, ಪೊಲೀಸಪ್ಪನೂ ಎಳೆದ. ಜಗ್ಗಲಿಲ್ಲ. ಅಧ್ಯಕ್ಷರು ಅದನ್ನು ಹೊತ್ತೇ ಮನೆಗೆ ಹೋದರು, ದಾರಿಯುದ್ದಕ್ಕೂ ಅದು "ಹುಡುಕಿಕೊಂಡು ಬಂದಿದ್ದಾರೆ!" ಎಂದು ಕೂಗುತ್ತಿತ್ತು, ಜನ ಓಡುತ್ತಿದ್ದರು.

ಮರುದಿನ ಬೆಳಗ್ಗೆ ಬಾಗಿಲು ತೆಗೆಯುವುದಕ್ಕೂ ಮೊದಲೇ ಸಣ್ಣೀರಪ್ಪ ಹಣದ ಗಂಟು ಹಿಡಿದು ಮೆಟ್ಟಿಲ ಮೇಲೆ ಕುಳಿತಿದ್ದರು.

"ತಗಳಿ ಸಾರ್, ಇನ್ನೊಂದ್ ಹತ್ತು ವರ್ಸಕ್ಕೆ ಇಟ್ಕಳಿ. ರಾತ್ರಿಯಿಂದ ಷಡ್ಡಕ ಮನೆ ಮುಂದೆ ಕುಂತವ್ನೆ."

ನಾನು ಸಂತೋಷದಿಂದ ಫಾರಂ ತೆಗೆದೆ. ಹೆಸರು ಬರೆದೆ, ಮೊತ್ತ ಬರೆದೆ, ವಿಳಾಸ ಕೇಳಿದೆ. ಸಣ್ಣೀರಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಅದೊಂದ್ ಬುಡಿ ಸಾರ್. ಬೇಕಾದಾಗ ಅಧ್ಯಕ್ಷರನ್ನ ಬೀದಿಗ್ ಬುಡಿ, ಹುಡುಕ್ಕಂಡ್ ಬತ್ತಾರೆ."