ನನ್ನ ವಾರಗಿತ್ತಿಯ ಪೊಲೀಸ್ ಠಾಣೆ

ಆಗ ನನಗೆ ಅರವತ್ತೊಂದು. ಇಪ್ಪತ್ತು ವರ್ಷದ ಹಿಂದಿನ ಮಾತು. ನನ್ನ ವಾರಗಿತ್ತಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಮದ್ರಾಸಿನ ಕೀಲ್ಪಾಕಿನ ನಮ್ಮ ಬೀದಿಯಲ್ಲಿ ಅವಳ ಕೈಗೆ ಸಿಕ್ಕಿಬೀಳದೆ ಉಳಿದವರಿಲ್ಲ!

ಎಲ್ಲ ಟೀವಿಯಿಂದ. ವಾರಕ್ಕೊಂದು ಸಂಜೆ ಹಿಂದಿಯಲ್ಲಿ ಒಂದು ಪೊಲೀಸ್ ಧಾರಾವಾಹಿ ಬರುತ್ತಿತ್ತು. ಹುಟ್ಟಿದ್ದು ಮಂಡ್ಯದ ಕಡೆ, ಸೇರಿದ್ದು ಮದ್ರಾಸು, ಇವಳಿಗೆ ಹಿಂದಿ ಎಲ್ಲಿಂದ ಬರಬೇಕು? ಬೇಕೂ ಇರಲಿಲ್ಲ ಅನ್ನಿ. ಮೊದಲು ಹೆಣ, ಆಮೇಲೆ ಇನ್‌ಸ್ಪೆಕ್ಟರು ಹುಬ್ಬು ಗಂಟಿಕ್ಕುವುದು, ಆಮೇಲೆ ಬಿಳಿ ಕೋಟಿನವನು ಭೂತಗನ್ನಡಿಯಲ್ಲಿ ಒಂದು ಕೂದಲು ನೋಡುವುದು, ಕೊನೆಗೆ ಒಂದು ಕಪಾಳಮೋಕ್ಷ, ತಪ್ಪೊಪ್ಪಿಗೆ. ವಾರ ವಾರವೂ ಅದೇ. ಸತ್ತವನು ಮಾತ್ರ ಬೇರೆ.

ಮಾರನೆಯ ಬೆಳಿಗ್ಗೆ ನೀರಿನ ಲಾರಿಗೆ ಕೊಡ ಸಾಲಿಟ್ಟು ಕಾಯುವಾಗ ಅರ್ಧ ಕನ್ನಡ, ಅರ್ಧ ತಮಿಳಿನಲ್ಲಿ ಆ ಕಥೆ ಬಿಚ್ಚುವಳು. ಮುಂದೇನಾಯಿತು ಎಂದು ಹೆಂಗಸರೆಲ್ಲ ಬಾಯಿ ಬಿಟ್ಟುಕೊಂಡು ಕೇಳುವರು. ಅಲ್ಲಿಯವರೆಗೆ ಆ ಸಾಲಿನಲ್ಲಿ ಮಾತಾಡುತ್ತಿದ್ದವಳು ನಾನು. ಯಾರ ಸೊಸೆ ಮುನಿಸಿಕೊಂಡಳು, ಯಾರ ಮನೆ ಹುಳಿ ಹಳಸಿತು, ಎಲ್ಲ ನನ್ನ ಬಾಯಿಂದಲೇ ಹೊರಡಬೇಕು. ತಡವಾಗಿ ಹೋದರೂ ನನ್ನ ಕೊಡಕ್ಕೆ ಮೊದಲನೇ ಜಾಗ ಯಾರಾದರೂ ಹಿಡಿದಿರುತ್ತಿದ್ದರು. ಈಗ ಅವಳ ಕೊಡ ಮೊದಲು, ನನ್ನದು ಹದಿನಾರನೆಯದು. ಹಳಸಿದ ಹುಳಿ ಹೆಣದ ಮುಂದೆ ನಿಲ್ಲುತ್ತದೆಯೇ? ಹೊಟ್ಟೆ ಉರಿಯಿತು. ಮುಚ್ಚಿಡುವುದೇನಿದೆ. ನಾನು ಲಾರಿಯ ಹತ್ತಿರ ಹೋಗುವುದನ್ನೇ ಬಿಟ್ಟೆ.

ಮನೆಯಲ್ಲೂ ಅದೇ ವರಸೆ. ನಾವು ಮಹಡಿಯಲ್ಲಿ, ಅವರು ಕೆಳಗೆ. ಒಂದು ದಿನ ಅವಳ ಉಪ್ಪಿನಕಾಯಿ ಜಾಡಿ ಬಿದ್ದು ಒಡೆಯಿತು. ಗುಡಿಸಿದಳೇ? ಸುತ್ತ ರಂಗೋಲಿ ಪುಡಿಯಲ್ಲಿ ಗೆರೆ ಎಳೆದಳು. ನಾನು ದಾಟಲು ಹೋದರೆ, ಸಾಕ್ಷಿ ಹಾಳಾಗುತ್ತೆ, ಆ ಕಡೆಯಿಂದ ಬನ್ನಿ ಅಂದಳು. ಮಧ್ಯಾಹ್ನಕ್ಕೆ ನೊಣಗಳೂ ತನಿಖೆಗೆ ಬಂದವು. ಗಂಡನ ಬನಿಯನ್ನಿನ ಮೇಲಿನ ಎಣ್ಣೆ ಕಲೆ ಹಿಡಿದು ಅವನನ್ನು ಎದುರಿಗೆ ನಿಲ್ಲಿಸಿದಳು. ನನ್ನ ಮೈದುನ ಒಪ್ಪಿಕೊಂಡ. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವನು ಒಪ್ಪಿಕೊಂಡ ಮೊದಲ ತಪ್ಪು! ಅದನ್ನೂ ಲಾರಿ ಸಾಲಿನಲ್ಲಿ ಹೇಳಿ ಹೆಸರು ಮಾಡಿದಳು.

ಇನ್ನು ತಡೆಯಲಾಗಲಿಲ್ಲ. ಅವಳ ಟೀವಿಯ ಕೇಬಲ್ ವೈರು ನಮ್ಮ ಅಡುಗೆಮನೆ ಕಿಟಕಿ ಪಕ್ಕದಲ್ಲೇ ಇಳಿಯುತ್ತಿತ್ತು. ಧಾರಾವಾಹಿಯ ದಿನ ಮಧ್ಯಾಹ್ನ ಕಿಟಕಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದವಳು, ಅದೇ ಅಡಕತ್ತರಿಯಲ್ಲಿ ವೈರನ್ನೂ ಕಚಕ್ಕೆಂದು ಕತ್ತರಿಸಿದೆ.

ಸಂಜೆ ಟೀವಿ ತುಂಬ ಚುಕ್ಕಿ. ಅವಳೋ ಟಾರ್ಚು ಹಿಡಿದು ವೈರಿನ ಬೆನ್ನು ಹತ್ತಿ ನಮ್ಮ ಅಡುಗೆಮನೆಗೇ ಬಂದಳು. ಹಿಂದೆ ಬೀದಿಯ ಹೆಂಗಸರ ದಂಡು. ತುಂಡಾದ ತುದಿಯನ್ನು ಮೂಸಿದಳು. ಕಿಟಕಿ ಕಟ್ಟೆಯ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮಧ್ಯಾಹ್ನ ಎಲ್ಲಿದ್ರಿ ಅಕ್ಕ?"

"ನನ್ನ ಮನೇಲಿ ನಾನಿದ್ದೆ. ಇನ್ನೆಲ್ಲಿರಲಿ?"

ಇಷ್ಟು ಜನರ ಮುಂದೆ ಇವಳು ಬೆರಳು ತೋರಿಸಿದರೆ ನಾಳೆಯಿಂದ ಆ ಬೀದಿಯಲ್ಲಿ ತಲೆಯೆತ್ತಿ ನಡೆಯುವ ಹಾಗಿಲ್ಲ.

"ಇಲಿ," ಅಂದಳು ಹೆಂಗಸರಿಗೆ. "ಕೇಸು ಮುಗೀತು, ನಡೀರಿ."

ಇಷ್ಟು ನೇರವಾಗಿ ಇಲಿ ಕಡಿಯುತ್ತದೆಯೇ ಎಂದು ಒಬ್ಬಳು ಕೇಳಿದಳು. ಮದ್ರಾಸಿನ ಇಲಿಗೆ ಹಲ್ಲು ಚೂಪು ಎಂದು ಅವಳನ್ನೂ ಇಳಿಸಿ ಕಳಿಸಿದಳು.

ಎಲ್ಲರೂ ಹೋದ ಮೇಲೆ ನನ್ನ ಕೈ ಹಿಡಿದು ಅಂಗೈಯಲ್ಲಿ ಏನೋ ಇಟ್ಟಳು. ಅಡಿಕೆ ಚೂರು.

"ಸಾಕ್ಷಿ ನೀವೇ ಇಟ್ಕೊಳ್ಳಿ. ಲಾರಿ ಹತ್ರ ನಿಮ್ಮ ಜಾಗ ಮೊದಲು ಕದ್ದೋಳು ನಾನಲ್ವಾ ಅಕ್ಕ? ನೀವು ಬರದೆ ಒಂದು ತಿಂಗಳಾಯ್ತು. ಕಥೆ ಹೇಳೋಕೆ ಬೇಜಾರು."

ಆ ಚೂರನ್ನು ಬಾಯಿಗೆ ಹಾಕಿಕೊಂಡೆ. ಹೇಗೂ ಬಾಯಲ್ಲಿ ಎಲೆ ಇತ್ತು.

ಬೆಳಿಗ್ಗೆ ಎದ್ದವಳೇ ಕೇಬಲ್‌ನವನ ಅಂಗಡಿಗೆ ಹೋದೆ. ಅವನು ಬಾಗಿಲು ತೆಗೆಯುವ ತನಕ ಬಿಸಿಲಲ್ಲಿ ನಿಂತಿದ್ದೆ. ವೈರು ಕತ್ತರಿಸಿದ್ದು ಯಾರಜ್ಜಿ ಎಂದು ತಮಿಳಿನಲ್ಲಿ ಕೇಳಿದ. ನಾನೇ ಅಂದೆ, ನಡಿ.