ಎಡಗಡೆಯ ತಣ್ಣನೆ ಪೈಪು

ಅಡುಗೆಮನೆಯಲ್ಲಿ ಸೀಮೆಎಣ್ಣೆ ಸ್ಟೌವ್ ಕೆಟ್ಟರೆ ಅದು ನನ್ನ ತಪ್ಪು. ಅಂಗಳದಲ್ಲಿ ಮೋಟಾರ್ ಸೈಕಲ್ ಕೆಟ್ಟರೆ ಅದು ಊರಿನ ಸಮಸ್ಯೆ. ಸ್ಟೌವ್ ಕೆಟ್ಟಾಗ ಯಾರೂ ಬರುವುದಿಲ್ಲ. ನಾನೇ ಪಿನ್ ಹಾಕಿ, ಪಂಪು ಹೊಡೆದು, ಮೂಗಿಗೆ ಮಸಿ ಮೆತ್ತಿಸಿಕೊಂಡು ಹೊತ್ತಿಸಬೇಕು. ಮೋಟಾರ್ ಸೈಕಲ್ ಕೆಟ್ಟಾಗ ಮಾತ್ರ ನಾಲ್ಕು ಜನ ಗಂಡಸರು ಎಲ್ಲಿಂದಲೋ ಬಂದು, ಸೊಂಟದ ಮೇಲೆ ಕೈಯಿಟ್ಟು, ತಲೆ ಓರೆ ಮಾಡಿ ನಿಲ್ಲುತ್ತಾರೆ. ಹಾಗೆ ಅರ್ಧ ಗಂಟೆ ನಿಂತರೆ ಎಂಜಿನ್ನು ನಾಚಿಕೊಂಡು ತಾನೇ ಸರಿಹೋಗುತ್ತದೆಂದು ಅವರ ನಂಬಿಕೆಯಿರಬೇಕು. ಅವರಿಗೆಲ್ಲ ಕಾಫಿ ಕೊಡುವ ಕೆಲಸ ಮತ್ತೆ ನನ್ನದೇ.

ನಮ್ಮ ಮೋಟಾರ್ ಸೈಕಲ್ಲು ಸಾಮಾನ್ಯದ್ದಲ್ಲ. ಕೊಡಗಿನ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದದ್ದು. ಎರಡು ಸಿಲಿಂಡರು, ಎಡಕ್ಕೊಂದು ಬಲಕ್ಕೊಂದು ಹೊಗೆ ಹೋಗುವ ಪೈಪು. ನಮ್ಮ ಯಜಮಾನರು ಹನಗೋಡಿನ ಹತ್ತಿರದ ಹೊಗೆಸೊಪ್ಪಿನ ಹೊಲಕ್ಕೆ ಅದರಲ್ಲೇ ಓಡಾಡುತ್ತಿದ್ದರು. ಆದರೆ ತಿಂಗಳಿಗೊಂದು ಭಾನುವಾರ ಅದು ನನ್ನದು. ಹಿಂದಿನ ಸೀಟಿನಲ್ಲಿ ಎಡಗಡೆಗೆ ಕಾಲು ಇಳಿಬಿಟ್ಟು ಕೂತರೆ ಹುಣಸೂರಿನಿಂದ ಕೃಷ್ಣರಾಜನಗರದ ನನ್ನ ತವರಿಗೆ ಯಾರ ಅಪ್ಪಣೆಯೂ ಬೇಡ. ಬಸ್ಸಿನಲ್ಲಾದರೆ ಜೊತೆಗೆ ಯಾರಾದರೂ ಬರಬೇಕು, ಬರುವವರಿಗೆ ಪುರುಸೊತ್ತಿರಬೇಕು. ಅವರ ಪುರುಸೊತ್ತು ಕೂಡಿಬರುವ ಹೊತ್ತಿಗೆ ಅಮ್ಮ ಮಾಡಿಟ್ಟ ಚಕ್ಕುಲಿ ಮೆತ್ತಗಾಗಿರುತ್ತಿತ್ತು.

ಆ ವರ್ಷ ಆಯುಧಪೂಜೆಗೆ ಅದನ್ನು ಅಲಂಕರಿಸಿದವಳು ನಾನು. ಕಾನ್ವೆಂಟಿನಲ್ಲಿ ಡ್ರಾಯಿಂಗಿಗೆ ಪ್ರತಿ ವರ್ಷ ಬಹುಮಾನ ತೆಗೆದುಕೊಂಡ ಕೈ. ಅರ್ಧಂಬರ್ಧ ಮಾಡುವ ಅಭ್ಯಾಸವಿಲ್ಲ. ಈಳಿಗೆಮಣೆ, ಕುಡುಗೋಲು, ಹೊಲಿಗೆ ಯಂತ್ರ ಎಲ್ಲ ಆದಮೇಲೆ ಕೊನೆಗೆ ಇದಕ್ಕೆ ಚೆಂಡುಹೂವಿನ ಹಾರ ಸುತ್ತಿದೆ. ಅತ್ತೆ ಬಾಗಿಲಲ್ಲಿ ಕೂತೇ, "ಮೂಲೆ ಮೂಲೆಗೂ ವಿಭೂತಿ ಬೀಳ್ಬೇಕು ಕಣಮ್ಮಿ, ಒಂದೂ ಬುಡ್ಬ್ಯಾಡ" ಎಂದು ನಿರ್ದೇಶನ ಕೊಟ್ಟು, ಎಲ್ಲ ಮುಗಿದ ಮೇಲೆ, "ಮದ್ವೆ ಗಂಡು ಇದ್ದಂಗದೆ" ಎಂದರು.

ಮದುವೆ ಗಂಡು ಮಾರನೆಯ ಬೆಳಿಗ್ಗೆಯೇ ಕುಂಟತೊಡಗಿದ. ಡುಗುಡುಗುಡುಗು ಎನ್ನುತ್ತಿದ್ದುದು ಡುಗ್ ಎಂದು ಸ್ವಲ್ಪ ಯೋಚಿಸಿ, ಮತ್ತೆ ಡುಗ್ ಎನ್ನುತ್ತಿತ್ತು. ಒಬ್ಬರು ಕೂತರೆ ಹೇಗೋ ಹೋಗುತ್ತಿತ್ತು. ನಾನೂ ಕೂತರೆ ಬೀದಿಯ ಕೊನೆಯ ದಿಬ್ಬದಲ್ಲಿ ನಿಂತೇಬಿಡುತ್ತಿತ್ತು. "ನೀನು ಇಳಿ, ಭಾರ ಜಾಸ್ತಿ" ಎಂದರು ಯಜಮಾನರು. ದಿನಾ ಹೊಲದಿಂದ ಹೊಗೆಸೊಪ್ಪಿನ ಹೊರೆ ತರುವಾಗ ಇಲ್ಲದ ಭಾರ! ಇಳಿದೆ. ಆದರೆ ಇಳಿಯುವಾಗಲೇ ಒಂದು ವಿಷಯ ಗೊತ್ತಾಗಿಹೋಗಿತ್ತು. ಎಡಗಡೆಯ ಪೈಪಿನ ಬಿಸಿ ನನ್ನ ಹಿಮ್ಮಡಿಗೆ ಚೆನ್ನಾಗಿ ಪರಿಚಯ. ಎರಡು ಸೀರೆಯ ಅಂಚು ಅದರಿಂದಲೇ ಸುಟ್ಟಿವೆ. ಅವತ್ತು ಹಿಮ್ಮಡಿಗೆ ಏನೂ ತಗಲಲಿಲ್ಲ.

ಮನೆಗೆ ತಳ್ಳಿಕೊಂಡು ಬಂದ ಮೇಲೆ ನಾಲ್ವರು ಗಂಡಸರು ಸೊಂಟಕ್ಕೆ ಕೈಯಿಟ್ಟು ನಿಂತರು. ಮುಂದೆ ನಿಂತವನು ಪುಟ್ಟಸ್ವಾಮಿ ಮೇಸ್ತ್ರಿ, ಪಂಪ್‌ಸೆಟ್ ರಿಪೇರಿಯಲ್ಲಿ ಎತ್ತಿದ ಕೈ. ಅವನು ಗಾಡಿ ಸ್ಟಾರ್ಟ್ ಮಾಡಿಸಿ, ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ತನ್ನ ಕಿವಿಗೂ ಇಟ್ಟು, ಕಣ್ಣು ಮುಚ್ಚಿ ಆಲಿಸಿದ.

"ಒಂದು ಸಿಲಿಂಡ್ರು ಸತ್ತೋಗದೆ ಸ್ವಾಮಿ. ಇಂಜಿನ್ ಪೂರಾ ಬಿಚ್ಬೇಕು."

"ಬಿಚ್ಚಿದ್ರೆ ಮತ್ತೆ ಜೋಡಿಸ್ತೀಯೇನಯ್ಯ?" ಎಂದರು ಯಜಮಾನರು.

"ಬಿಚ್ಚಿದ್ಮೇಲೆ ನೋಡಾನ ಬುಡಿ. ಅಲ್ಲಾ, ಒಂದ್ರಲ್ಲೇ ಓಡ್ತಾ ಅದಲ್ಲ, ಇನ್ನೊಂದ್ಯಾಕೆ? ನಮ್ ಪಂಪ್‌ಸೆಟ್ಟಿಗೆ ಒಂದೇ ಇರೋದು. ಬಾವಿ ಬಾವೀನೇ ಖಾಲಿ ಮಾಡ್ತದೆ!"

ಕಾಫಿಯ ತಟ್ಟೆ ಕೆಳಗಿಟ್ಟು ನಾನು ಒಂದು ಲೋಟ ನೀರು ತಂದೆ. ದೋಸೆ ಕಾವಲಿ ಕಾದಿದೆಯೇ ಎಂದು ನೋಡುವಾಗ ಯಾರೂ ಸ್ಕ್ರೂಡ್ರೈವರನ್ನು ಕಿವಿಗಿಟ್ಟುಕೊಳ್ಳುವುದಿಲ್ಲ, ನೀರು ಚಿಮುಕಿಸುತ್ತಾರೆ. ಬಲಗಡೆಯ ಪೈಪಿಗೆ ಚಿಮುಕಿಸಿದೆ: ಚುಂಯ್! ಎಡಗಡೆಗೆ ಚಿಮುಕಿಸಿದೆ: ಹನಿಗಳು ಕೆಸುವಿನೆಲೆಯ ಮೇಲೆ ಕೂತ ಹಾಗೆ ಹಾಯಾಗಿ ಕೂತವು.

"ರೀ, ಎಡಗಡೇದು. ಪೂರಾ ಬಿಚ್ಚೋದು ಬೇಡ, ಎಡಗಡೆ ಮಾತ್ರ ನೋಡಿ."

"ದೋಸೆ ಹುಯ್ಯೋಕೆ ಬಂದ್ಯಾ?" ಎಂದರು ಯಜಮಾನರು. ಎಲ್ಲರೂ ನಕ್ಕರು. ಮೇಸ್ತ್ರಿಯಂತೂ, "ತಣ್ಣಗಿದ್ರೆ ಒಳ್ಳೇದೇ ಅಲ್ವಾ ಅಮ್ಮಾವ್ರೇ? ಸೀರೆ ಸುಡಾಕಿಲ್ಲ" ಎಂದು ಸಮಾಧಾನವನ್ನೂ ಹೇಳಿದ. ಆ ನಗು ಮುಗಿಯುವುದರೊಳಗೆ ತೀರ್ಮಾನವೂ ಆಯಿತು. ಕೊಪ್ಪದ ಸಂತೆಯ ಒಬ್ಬ ವ್ಯಾಪಾರಿ ಭಾನುವಾರ ಬಂದು ಗಾಡಿ ತೆಗೆದುಕೊಂಡು ಹೋಗುವುದು. ಇನ್ನು ಮೇಲೆ ಯಜಮಾನರಿಗೆ ಸೈಕಲ್ಲು, ನನಗೆ ಬಸ್ಸು.

ನನ್ನನ್ನು ಎಲ್ಲರೂ ಮೃದು ಸ್ವಭಾವದವಳು ಎನ್ನುತ್ತಾರೆ. ನಿಜವೇ. ದನಿ ಎತ್ತಬಾರದೆಂದು ಸಿಸ್ಟರುಗಳು ಕಲಿಸಿದ್ದರು. ಕೈ ಹಾಕಬಾರದೆಂದು ಕಲಿಸಿರಲಿಲ್ಲ. ಶನಿವಾರ ಮಧ್ಯಾಹ್ನ ಯಜಮಾನರು ಸೈಕಲ್ಲಿನಲ್ಲಿ ಹೊಲಕ್ಕೆ ಹೋದದ್ದೇ ತಡ, ಸೆರಗು ಸಿಕ್ಕಿಸಿ ಗಾಡಿಯ ಎಡಗಡೆ ಕುಕ್ಕರುಗಾಲಿನಲ್ಲಿ ಕೂತೆ. ಅತ್ತೆ ಎಲೆ ಅಡಿಕೆ ಬಿಟ್ಟು ಎದ್ದು ಬಂದರು.

"ಏನಮ್ಮಿ ಮಾಡ್ತಿದ್ದೀಯೆ?"

"ಸ್ಟೌವಿಗೆ ಪಿನ್ ಹಾಕೋ ಹಾಗೆ ಅತ್ತೆ."

ಸಿಲಿಂಡರಿನ ನೆತ್ತಿಯ ಮೇಲೆ ಪ್ಲಗ್ಗು. ಬೆಂಕಿಯ ಕಿಡಿ ಹುಟ್ಟುವುದು ಅದರಲ್ಲಿ. ಅದರ ಮೇಲೆ ತಂತಿ ಬಂದು ಸೇರುವ ಕರಿಯ ಟೋಪಿ. ಟೋಪಿ ಎಳೆದೆ. ಒಳಗೆ ಬೆಳ್ಳಗಿನ ಪಿಂಗಾಣಿಯ ಮೇಲೆ, ಅಳತೆಪಟ್ಟಿ ಇಟ್ಟು ಎಳೆದಂಥ ಮೂರೆಳೆ ವಿಭೂತಿ, ನಡುವೆ ಒಂದು ದುಂಡನೆಯ ಕುಂಕುಮದ ಬೊಟ್ಟು. ಉಳಿದ ಒದ್ದೆ ವಿಭೂತಿ ಟೋಪಿಯೊಳಗೆಲ್ಲ ಮೆತ್ತಿಕೊಂಡು, ತಂತಿ ತಾಗಬೇಕಾದ ಕಡೆ ಗಾರೆ ಬಳಿದ ಹಾಗೆ ಕೂತಿತ್ತು.

ಆ ಕೈಬರಹವನ್ನು ನಾನು ಎಲ್ಲಿ ಕಂಡರೂ ಗುರುತಿಸುತ್ತೇನೆ. ಡ್ರಾಯಿಂಗಿಗೆ ಬಹುಮಾನ ಬಂದ ಕೈ ಅದು. ಪೂಜೆಯ ದಿನ ಟೋಪಿ ತೆಗೆದು ನೋಡಿ, ಪುಟ್ಟ ಲಿಂಗದ ಹಾಗೆ ಕಂಡದ್ದಕ್ಕೆ ಭಕ್ತಿಯಿಂದ ಹಚ್ಚಿ, ಮತ್ತೆ ಮುಚ್ಚಿದ್ದೆ. ಗಾಡಿ ಬಲಗಡೆಯಿಂದ ಗೋಡೆಗೆ ಒತ್ತಿಕೊಂಡಿದ್ದರಿಂದ ಆ ಕಡೆಯ ಸಿಲಿಂಡರು ಬದುಕಿಕೊಂಡಿತ್ತು.

ಅತ್ತೆ ಬಗ್ಗಿ ನೋಡಿದರು. ನನ್ನ ಮುಖ ನೋಡಿದರು. "ಮೂಲೆ ಮೂಲೆಗೂ ಅಂದ್ರೆ ಅಲ್ಲೂವಾ?" ಎಂದರು. ಆಮೇಲೆ ಮೆಲ್ಲಗೆ ಹೋಗಿ ಬೀದಿ ಬಾಗಿಲು ಹಾಕಿ ಬಂದು, "ನಾನೇನೂ ನೋಡ್ನಿಲ್ಲ ಬುಡು. ಬಿರ್‌ಬಿರ್ನೆ ಒರೆಸು" ಎಂದರು.

ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಟೋಪಿ ಒತ್ತಿ ಕೂರಿಸಿದೆ. ಸೀರೆ ಎತ್ತಿಕಟ್ಟಿ ಕಿಕ್ಕರನ್ನು ಒದ್ದೆ. ಮೂರು ಸಲ ಅದೂ ನನ್ನನ್ನು ವಾಪಸು ಒದ್ದಿತು. ನಾಲ್ಕನೆಯ ಸಲ ಡುಗುಡುಗುಡುಗು! ಅತ್ತೆಯೇ ಲೋಟ ತಂದು ಎರಡೂ ಕಡೆ ನೀರು ಚಿಮುಕಿಸಿದರು. ಚುಂಯ್, ಚುಂಯ್.

ಸಂಜೆ ಯಜಮಾನರು, "ಏನಾಗಿತ್ತು?" ಎಂದು ಕೇಳಿದರು. "ಪ್ಲಗ್ಗಿನ ಹತ್ರ ಏನೋ ಕೂತಿತ್ತು, ತೆಗೆದೆ" ಎಂದೆ. ಒಂದಕ್ಷರ ಸುಳ್ಳಿಲ್ಲ. ಭಾನುವಾರ ಕೊಪ್ಪದ ವ್ಯಾಪಾರಿ ಬಂದಾಗ ನಾವು ತವರಿನ ದಾರಿಯಲ್ಲಿದ್ದೆವು. ಅತ್ತೆಯೇ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದರಂತೆ. ನನ್ನ ಹಿಮ್ಮಡಿ ದಾರಿಯುದ್ದಕ್ಕೂ ಬೆಚ್ಚಗಿತ್ತು. ವಾಪಸು ಬಂದ ಮೇಲೆ ಯಜಮಾನರು ಹುಣಸೂರಿನ ಪೇಟೆಯಲ್ಲೆಲ್ಲ, "ನಮ್ಮನೆಯವಳು ಎಂಜಿನ್ನನ್ನೇ ಬದುಕಿಸಿದಳು" ಎಂದು ಹೇಳಿಕೊಂಡು ತಿರುಗಿದರು. ಪುಟ್ಟಸ್ವಾಮಿ ಮೇಸ್ತ್ರಿ ಈಗ ನನ್ನನ್ನು ಕಂಡರೆ ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಹಿಡಿದುಕೊಳ್ಳುತ್ತಾನೆ.

ಕೆಡಿಸಿದವಳು ನಾನಿರಬಹುದು. ಆದರೆ ಕಂಡುಹಿಡಿದವಳೂ ನಾನೇ ತಾನೇ? ಕಾನ್ವೆಂಟಿನಲ್ಲಿ ತಪ್ಪೊಪ್ಪಿಗೆಗೆಂದು ಸಾಲು ನಿಲ್ಲಿಸುವಾಗ ಕ್ರೈಸ್ತರಲ್ಲದ ನಮ್ಮಂಥ ಹುಡುಗಿಯರಿಗೆ ವಿನಾಯಿತಿ ಇತ್ತು. ಆ ವಿನಾಯಿತಿಯನ್ನು ನಾನು ಇನ್ನೂ ಬಳಸಿಕೊಳ್ಳುತ್ತಿದ್ದೇನೆ.

ಮುಂದಿನ ಆಯುಧಪೂಜೆಗೆ ಯಜಮಾನರೇ ತಟ್ಟೆ ತಂದು ನನ್ನ ಕೈಗಿತ್ತರು. ಗಾಡಿಯನ್ನು ಗೋಡೆಯಿಂದ ದೂರ ಎಳೆದು, "ಈ ಸಲ ಎರಡೂ ಕಡೆ ಚೆನ್ನಾಗಿ ಮಾಡು, ನಿನ್ನ ಕೈಗುಣ ಒಳ್ಳೇದು" ಎಂದರು. ಬಾಗಿಲಲ್ಲಿ ಕೂತಿದ್ದ ಅತ್ತೆಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.